ರೋಸ್‌ಮಾಲಿಂಗ್ ಕಲಿಯೋಣ: ಒಂದು ತಟ್ಟೆ, ಎರಡು ಸುರುಳಿ, ಮೂರು ಕುಂಚ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಸ್ಟೋಟನ್ ಅಂತ ಒಂದು ಸಣ್ಣ ಊರಿದೆ. ಅಲ್ಲೊಂದು ಗಾಡಿ ಕಾರ್ಖಾನೆ ಇತ್ತು. ನಾರ್ವೆಯ ಲೇರ್ಡಾಲ್‌ನಲ್ಲಿ ಹುಟ್ಟಿ 1907ರಲ್ಲಿ ವಲಸೆ ಬಂದ ಪೇರ್ ಲೀಸ್ನೆ ಅಲ್ಲಿ ಗಾಡಿಗಳಿಗೆ ಬಣ್ಣ ಹಚ್ಚುವ ಕೆಲಸಕ್ಕಿದ್ದರು. ಗಾಡಿಯ ಮೈಮೇಲೆ ಉದ್ದುದ್ದ ತೆಳು ಗೆರೆ ಎಳೆಯುವುದರಲ್ಲಿ ಅವರ ಕೈ ಪಳಗಿತ್ತು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಆ ಕೆಲಸ ಕಡಿಮೆಯಾದಾಗ ಅವರು ಹುಟ್ಟೂರಿನ ವಿದ್ಯೆಗೆ ಮರಳಿದರು. ಮರದ ತಟ್ಟೆಗಳ ಮೇಲೆ ಹೂಬಳ್ಳಿ ಬರೆದು, ಅಂಚಿಗೆ ನಾರ್ವೇಜಿಯನ್ ಭಾಷೆಯ ಸಾಲೊಂದನ್ನು ಬರೆದು ಮಾರತೊಡಗಿದರು. ತಟ್ಟೆಗಳಿಗೆ ಬೇಡಿಕೆ ಬಂತು, ನೋಡಿದವರು ತಾವೂ ಕಲಿಯಲು ಹೊರಟರು. ಅಮೆರಿಕದಲ್ಲಿ ಈ ಕಲೆ ಮತ್ತೆ ಚಿಗುರಿದ್ದು ಹೀಗೆ.

ಈ ಕಲೆಯ ಹೆಸರು ರೋಸ್‌ಮಾಲಿಂಗ್. ಹುಟ್ಟಿದ್ದು ನಾರ್ವೆಯ ಪೂರ್ವ ಭಾಗದ ಹಳ್ಳಿಗಳಲ್ಲಿ, ಸುಮಾರು 1750ರ ಹೊತ್ತಿಗೆ. ಪೇಟೆಯ ಚರ್ಚು, ಬಂಗಲೆಗಳಲ್ಲಿದ್ದ ಬರೋಕ್ ಮತ್ತು ರೊಕೊಕೊ ಎಂಬ ಯುರೋಪಿನ ಶೈಲಿಗಳ ಅಲಂಕಾರವನ್ನು ನೋಡಿದ ಹಳ್ಳಿ ಕಲಾವಿದರು ಅದನ್ನು ತಮ್ಮ ಕೈಗೆ ಒಗ್ಗಿಸಿಕೊಂಡರು. ಊರೂರು ಅಲೆಯುತ್ತಾ, ಊಟ, ವಸತಿ, ಒಂದಿಷ್ಟು ದುಡ್ಡಿಗೆ ರೈತರ ಮನೆಯ ಗೋಡೆ, ಕಪಾಟು, ಪೆಟ್ಟಿಗೆ, ಬಿಯರ್ ಕುಡಿಯುವ ಬೋಗುಣಿಗಳನ್ನೆಲ್ಲಾ ಬಣ್ಣದಿಂದ ತುಂಬಿಸಿದರು. ಟೆಲೆಮಾರ್ಕ್ ಪ್ರದೇಶದ ಹೆದ್ದಾಲ್‌ನಲ್ಲಿ ಉಲಾವ್ ಹಾನ್ಸನ್ 1784ರಲ್ಲಿ ಬಣ್ಣ ಹಚ್ಚಿದ ರಾಂಬರ್ಗ್ ಮನೆ ಇಂದಿಗೂ ಇದೆ.

1825ರಲ್ಲಿ ಸ್ಟಾವೆಂಗರ್ ಬಂದರಿನಿಂದ ವಲಸಿಗರ ಮೊದಲ ಹಡಗು ಅಮೆರಿಕಕ್ಕೆ ಹೊರಟಿತು. ಮುಂದಿನ ನೂರು ವರ್ಷಗಳಲ್ಲಿ 8 ಲಕ್ಷಕ್ಕೂ ಜಾಸ್ತಿ ಜನ ನಾರ್ವೆ ಬಿಟ್ಟು ಅಲ್ಲಿಗೆ ಹೋದರು. ಗೋಡೆಯನ್ನು ಹೊತ್ತುಕೊಂಡು ಹೋಗಲು ಆಗಲ್ಲ ಅಲ್ವಾ? ಹೋಗಿದ್ದು ಪೆಟ್ಟಿಗೆ. ಮುಂಭಾಗದಲ್ಲಿ ಯಜಮಾನನ ಹೆಸರು, ಇಸವಿ, ಸುತ್ತ ಸುರುಳಿ ಬಳ್ಳಿ. ಅಷ್ಟರಲ್ಲಿ ನಾರ್ವೆಯಲ್ಲೇ ಈ ಕಲೆಯ ಫ್ಯಾಷನ್ ಹೋಗಿತ್ತು.

ಈಗ ನಾವು ಮಾಡಲು ಹೊರಟಿರುವುದು ಹನ್ನೆರಡು ಇಂಚಿನ ಒಂದು ತಟ್ಟೆ, ಟೆಲೆಮಾರ್ಕ್ ಶೈಲಿಯಲ್ಲಿ. ಕುಂಚ ಹಿಡಿದು ಗೊತ್ತಿಲ್ಲದವರೂ ಕಲಿಯಬಹುದು. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೊಸಬರ ಕಣ್ಣು ಹೂವಿನ ಮೇಲಿರುತ್ತದೆ. ಈ ಶೈಲಿಯ ಜೀವ ಇರುವುದು ಸುರುಳಿಯಲ್ಲಿ. ಸುರುಳಿ ಸರಿಯಾಗಿ ಹರಿದರೆ ಹೂವು ಸುಮಾರಾಗಿದ್ದರೂ ತಟ್ಟೆ ಚೆನ್ನಾಗಿ ಕಾಣುತ್ತದೆ. ಸುರುಳಿ ಮುರಿದರೆ ಎಷ್ಟು ಚಂದದ ಹೂವು ಬಿಡಿಸಿದರೂ ಪ್ರಯೋಜನ ಇಲ್ಲ. ಅದಕ್ಕೇ ಈ ಬರಹದಲ್ಲಿ ಸುರುಳಿಗೆ ಜಾಸ್ತಿ ಜಾಗ.

ಯಾವ ಶೈಲಿ?

ನಾರ್ವೆಯ ಒಂದೊಂದು ಕಣಿವೆಗೆ ಒಂದೊಂದು ಕೈ. ಹಾಲಿಂಗ್‌ಡಾಲ್ ಶೈಲಿಯಲ್ಲಿ ಎಡಕ್ಕಿದ್ದದ್ದೇ ಬಲಕ್ಕೂ ಬರುತ್ತದೆ. ಹೂವು ದೊಡ್ಡದು, ಬಣ್ಣ ಗಾಢ, ಎಷ್ಟೋ ಸಲ ಹಿನ್ನೆಲೆ ಕೆಂಪು. ರೋಗಲಾಂಡ್‌ನದೂ ಎರಡೂ ಕಡೆ ಸಮ. ನಡುವೆ ಒಂದು ಮುಖ್ಯ ಹೂವು, ಹಿನ್ನೆಲೆ ಸಾಮಾನ್ಯವಾಗಿ ಕಡು ಬಣ್ಣ. ವಾಲ್ಡ್ರೆಸ್‌ನವರು ನಿಜವಾದ ಹೂಗೊಂಚಲಿನಂತೆ ಕಾಣುವ ಹೂಗಳನ್ನು ಬರೆದರು. ಬರ್ಗೆನ್ ಹತ್ತಿರದ ಓಸ್ ಎಂಬಲ್ಲಿನದು ಸರಳ, ಉಜ್ವಲ ಬಣ್ಣದ ಹೂಗಳು, ಮಕ್ಕಳಿಗೂ ಬರುತ್ತದೆ.

ಟೆಲೆಮಾರ್ಕ್ ಇವೆಲ್ಲಕ್ಕಿಂತ ಬೇರೆ. ಎಡ ಬಲ ಸಮ ಇರುವುದಿಲ್ಲ. ನಡುವಿನಿಂದ ಸ್ವಲ್ಪ ಸರಿದ ಒಂದು ಬುಡದಿಂದ ಎಲ್ಲಾ ಸುರುಳಿಗಳೂ ಹೊರಟು ಬೇರೆ ಬೇರೆ ದಿಕ್ಕಿಗೆ ಹರಿಯುತ್ತವೆ. ಬಣ್ಣ ತೆಳು, ಹಿನ್ನೆಲೆ ಅಲ್ಲಲ್ಲಿ ಇಣುಕುತ್ತದೆ. ಕಲಿಯಲು ಇದೇ ಕಷ್ಟ ಅನ್ನುತ್ತಾರೆ. ನನ್ನ ಪ್ರಕಾರ ಇದರಿಂದಲೇ ಶುರು ಮಾಡಬೇಕು. ಇಲ್ಲಿ ಕೈ ಕುದುರಿದರೆ ಉಳಿದ ಶೈಲಿಗಳು ಬೇಗ ಬರುತ್ತವೆ. ಸಮ ಶೈಲಿಯಿಂದ ಶುರು ಮಾಡಿದವರು ಅಳತೆಪಟ್ಟಿ ಬಿಡುವುದೇ ಇಲ್ಲ.

ಏನೇನು ಬೇಕು

ಮರದ ತಟ್ಟೆ: ಅಮೆರಿಕದಲ್ಲಿ ಬಾಸ್‌ವುಡ್ ಎಂಬ ಮೆತ್ತನೆಯ, ನಾರು ಕಾಣದ ಮರ ಬಳಸುತ್ತಾರೆ. ನಮ್ಮಲ್ಲಿ ಕ್ರಾಫ್ಟ್ ಅಂಗಡಿಯಲ್ಲಿ ಸಿಗುವ ಬಣ್ಣ ಹಚ್ಚದ ಮರದ ತಟ್ಟೆ ಸಾಕು. ಸಿಗದಿದ್ದರೆ ಎಂಡಿಎಫ್ ಹಲಗೆಯನ್ನು ದುಂಡಗೆ ಕತ್ತರಿಸಿಕೊಡಲು ಬಡಗಿಗೆ ಹೇಳಿ. ಪಾಲಿಶ್ ಆಗಿರುವ ತಟ್ಟೆ ಬೇಡ.

ಕುಂಚ: ಮೂರೇ ಮೂರು. ಅರ್ಧ ಇಂಚಿನ ಚಪ್ಪಟೆ ಕುಂಚ, ನಾಲ್ಕನೇ ನಂಬರಿನ ದುಂಡು ಕುಂಚ, ಮತ್ತೆ ತೆಳು ಗೆರೆ ಎಳೆಯಲು ಉದ್ದ ಕೂದಲಿನ ಲೈನರ್. ದುಡ್ಡು ಉಳಿಸಬೇಕೆಂದರೆ ಬಣ್ಣದಲ್ಲಿ ಉಳಿಸಿ, ಕುಂಚದಲ್ಲಿ ಬೇಡ. ಲೈನರ್‌ನ ಕೂದಲು ಒಂದು ಇಂಚಾದರೂ ಉದ್ದ ಇರಲಿ. ಮೋಟು ಕುಂಚದಲ್ಲಿ ಬಣ್ಣ ನಿಲ್ಲುವುದಿಲ್ಲ, ಗೆರೆ ಅರ್ಧದಲ್ಲೇ ಒಣಗುತ್ತದೆ.

ಬಣ್ಣ: ಚಿತ್ರಕಾರರ ಆಯಿಲ್ ಬಣ್ಣ. ಯೆಲ್ಲೋ ಓಕರ್, ಬರ್ಂಟ್ ಸಿಯೆನ್ನಾ, ಬರ್ಂಟ್ ಅಂಬರ್, ಇಂಡಿಯನ್ ರೆಡ್ ಅಥವಾ ಲೈಟ್ ರೆಡ್, ಪ್ರಷ್ಯನ್ ಬ್ಲೂ, ಟೈಟಾನಿಯಂ ವೈಟ್. ಆರು ಟ್ಯೂಬ್ ಸಾಕು. ಅಕ್ರಿಲಿಕ್‌ನಲ್ಲೂ ಮಾಡಬಹುದು, ಈಗ ಎಷ್ಟೋ ಜನ ಮಾಡುತ್ತಾರೆ. ಆದರೆ ಬೇಸಿಗೆಯಲ್ಲಿ ಫ್ಯಾನ್ ಕೆಳಗೆ ಕೂತರೆ ಅಕ್ರಿಲಿಕ್ ನಿಮಿಷದಲ್ಲಿ ಒಣಗುತ್ತದೆ. ಸುರುಳಿಯ ಎರಡು ಬಣ್ಣ ಒಂದರೊಳಗೊಂದು ಬೆರೆಯಲು ಸಮಯವೇ ಸಿಗುವುದಿಲ್ಲ. ಅದನ್ನೇ ಬಳಸುವುದಾದರೆ ಬಣ್ಣ ಒಣಗುವುದನ್ನು ನಿಧಾನ ಮಾಡುವ ರಿಟಾರ್ಡರ್ ಸೇರಿಸಿಕೊಳ್ಳಿ.

ಇದರ ಜೊತೆ ಚಿತ್ರಕಲೆಗೆಂದೇ ಮಾರುವ ಲಿನ್‌ಸೀಡ್ ಆಯಿಲ್, ಟರ್ಪಂಟೈನ್, 220 ಮತ್ತು 400 ನಂಬರಿನ ಸ್ಯಾಂಡ್‌ಪೇಪರ್, ಮರದ ಪುಟ್ಟಿ, ಪ್ರೈಮರ್, ಮ್ಯಾಟ್ ಎನಾಮೆಲ್ ಬಣ್ಣ, ಬಿಳಿ ಸೀಮೆಸುಣ್ಣ, ಹಳೇ ಕಾಟನ್ ಬಟ್ಟೆ.

ಒಂದು ಎಚ್ಚರಿಕೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಲಿನ್‌ಸೀಡ್ ಎಣ್ಣೆ ಒರೆಸಿದ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆದರೆ ಅದು ತಾನೇ ಬಿಸಿಯಾಗಿ ಬೆಂಕಿ ಹತ್ತಿಕೊಳ್ಳಬಹುದು. ಹರಡಿ ಹೊರಗೆ ಒಣಗಿಸಿ, ಇಲ್ಲವೇ ನೀರಲ್ಲಿ ನೆನೆಸಿಡಿ. ಟರ್ಪಂಟೈನ್ ಬಳಸುವಾಗ ಕಿಟಕಿ ತೆಗೆದಿರಲಿ.

ಹಂತ 1: ತಟ್ಟೆ ಸಿದ್ಧ ಮಾಡುವುದು

ತೂತು, ಸೀಳು ಇದ್ದರೆ ಪುಟ್ಟಿ ತುಂಬಿ. ಒಣಗಿದ ಮೇಲೆ 220 ಪೇಪರ್‌ನಲ್ಲಿ ಮರದ ನಾರಿನ ದಿಕ್ಕಿನಲ್ಲೇ ಉಜ್ಜಿ. ಧೂಳು ಒರೆಸಿ ಒಂದು ಕೋಟ್ ಪ್ರೈಮರ್. ಒಣಗಿದಾಗ ನಾರು ಎದ್ದು ಒರಟಾಗಿರುತ್ತದೆ, 400ರಲ್ಲಿ ಹಗುರವಾಗಿ ಉಜ್ಜಿ. ಆಮೇಲೆ ಹಿನ್ನೆಲೆ ಬಣ್ಣ ಎರಡು ಕೋಟ್, ನಡುವೆ ಒಂದು ದಿನ ಬಿಡುವು. ಹಿಂಭಾಗಕ್ಕೂ ಹಚ್ಚಿ. ಒಂದೇ ಕಡೆ ಹಚ್ಚಿದರೆ ಮಳೆಗಾಲದಲ್ಲಿ ತಟ್ಟೆ ಬಾಗುತ್ತದೆ.

ಹಿನ್ನೆಲೆಗೆ ನನ್ನ ಆಯ್ಕೆ ನೀಲಿ ಬೆರೆತ ಕಡು ಹಸಿರು. ಅಂಗಡಿಯ ಡಬ್ಬದ ಹಸಿರನ್ನು ಹಾಗೇ ಬಳಿದರೆ ಮಿರಮಿರ ಅನ್ನುತ್ತದೆ. ಹಳೇ ಪೆಟ್ಟಿಗೆಗಳ ಬಣ್ಣ ಹಾಗಿರಲಿಲ್ಲ. ಓಕರ್, ಕಬ್ಬಿಣದ ಕೆಂಪುಮಣ್ಣು, ಪ್ರಷ್ಯನ್ ನೀಲಿ ಇಂಥವೇ ಅವರ ಸಾಮಾನು. ಬಣ್ಣಗಳು ಮೂಲದಲ್ಲೇ ಸ್ವಲ್ಪ ಮಬ್ಬು. ನೀವು ಹಸಿರಿಗೆ ಚೂರು ಕೆಂಪು, ಚೂರು ಕಪ್ಪು ಬೆರೆಸಿ ಅದರ ಹೊಳಪು ಇಳಿಸಿ. ಯಾವುದೇ ಬಣ್ಣ ಜಾಸ್ತಿ ಕೂಗಾಡಿದರೆ ಅದರ ಎದುರು ಬಣ್ಣವನ್ನು ಒಂದು ಚಿಟಿಕೆ ಸೇರಿಸುವುದು ಇಲ್ಲಿನ ನಿಯಮ. ಕೆಂಪಿಗೆ ಹಸಿರು, ನೀಲಿಗೆ ಅಂಬರ್.

ಹಂತ 2: ಕಾಗದದ ಮೇಲೆ ಸುರುಳಿ

ಹಿನ್ನೆಲೆ ಒಣಗುವಷ್ಟು ದಿನ ಪೆನ್ಸಿಲ್ ಹಿಡಿಯಿರಿ. ಎರಡೇ ಆಕಾರ: ಇಂಗ್ಲಿಷಿನ ಸಿ ಅಕ್ಷರ ಮತ್ತು ಎಸ್ ಅಕ್ಷರ. ಟೆಲೆಮಾರ್ಕ್ ಚಿತ್ರದಲ್ಲಿ ಕಾಣುವ ದೊಡ್ಡ ರೇಖೆಗಳೆಲ್ಲಾ ಇವುಗಳ ಜೋಡಣೆಯೇ.

ಮೊದಲು ಬರೀ ಒಂಟಿ ಗೆರೆಯ ಸಿ ಬರೆಯಿರಿ. ಬೆರಳಿನಿಂದ ಬೇಡ, ಮೊಣಕೈಯಿಂದ. ಕಿರುಬೆರಳು ಕಾಗದದ ಮೇಲೆ ಜಾರುತ್ತಿರಲಿ, ಮಣಿಕಟ್ಟು ಊರಬೇಡಿ. ಕೈ ಊರಿದರೆ ವೃತ್ತದ ತುಂಡು ಬರುತ್ತದೆ. ನಮಗೆ ಬೇಕಾದ್ದು ವೃತ್ತದ ತುಂಡಲ್ಲ. ಒಳ್ಳೆಯ ಸಿ-ಸುರುಳಿಯ ಒಂದು ತುದಿ ಬಿಗಿಯಾಗಿ ಸುತ್ತಿಕೊಂಡಿರುತ್ತದೆ, ಅದು ತಲೆ. ಅಲ್ಲಿಂದ ಬಿಚ್ಚಿಕೊಳ್ಳುತ್ತಾ ಹೋಗಿ ಇನ್ನೊಂದು ತುದಿಯಲ್ಲಿ ಹೆಚ್ಚುಕಮ್ಮಿ ನೇರವಾಗುತ್ತದೆ, ಅದು ಬಾಲ. ಬಾಲ ಯಾವಾಗಲೂ ಬುಡದ ಕಡೆಗೆ.

ಎಸ್-ಸುರುಳಿಯಲ್ಲಿ ತೊಂದರೆ ಆಗುವುದು ನಡುವೆ, ತಿರುವು ಬದಲಾಗುವ ಜಾಗದಲ್ಲಿ. ಹೊಸಬರು ಎರಡು ಸಿ ಬರೆದು ಅಂಟಿಸುತ್ತಾರೆ, ಅಲ್ಲೊಂದು ಮೊಣಕಾಲು ಕಾಣಿಸುತ್ತದೆ. ನಿಲ್ಲಿಸದೆ ಒಂದೇ ಉಸಿರಿಗೆ ಬರೆಯಿರಿ. ಕಾಗದ ತಲೆಕೆಳಗು ಮಾಡಿ ನೋಡಿ. ಮೊಣಕಾಲು ಇದ್ದರೆ ಆಗ ಕಣ್ಣಿಗೆ ಬೀಳುತ್ತದೆ.

ಒಂಟಿ ಗೆರೆ ಸಲೀಸಾದ ಮೇಲೆ ಅದಕ್ಕೆ ದಪ್ಪ ಕೊಡಿ. ತಲೆಯ ಹತ್ತಿರ ಅಗಲ, ಬಾಲಕ್ಕೆ ಬರುತ್ತಾ ಸಣ್ಣ. ಒಳಗಿನ ಗೆರೆ ಮತ್ತು ಹೊರಗಿನ ಗೆರೆ ಸಮಾನಾಂತರ ಆಗಬಾರದು. ಸಮಾನಾಂತರ ಆದರೆ ಪೈಪ್ ಬರೆದ ಹಾಗೆ ಕಾಣುತ್ತದೆ, ಹರಿವು ಸತ್ತೇ ಹೋಗುತ್ತದೆ.

ಈಗ ಕವಲು. ಇಲ್ಲಿ ಒಂದೇ ನಿಯಮ ನೆನಪಿಟ್ಟರೆ ಸಾಕು. ಕವಲು ತಾಯಿ ಸುರುಳಿಯ ಜೊತೆ ಸ್ವಲ್ಪ ದೂರ ಹೋಗಿ ಆಮೇಲೆ ಬೇರೆಯಾಗಬೇಕು. ಅಡ್ಡಕ್ಕೆ ಚುಚ್ಚಿದಂತೆ ಹೊರಡಬಾರದು. ಪ್ರತಿ ಕವಲಿನ ಬಾಲವನ್ನೂ ಕಣ್ಣಲ್ಲೇ ಹಿಂದಕ್ಕೆ ಉದ್ದ ಮಾಡಿ ನೋಡಿ. ಅದು ಬುಡಕ್ಕೆ ಬಂದು ಸೇರುತ್ತದಾ? ಇಲ್ಲದಿದ್ದರೆ ಅಳಿಸಿ.

ಹಂತ 3: ತಟ್ಟೆಯ ನಕ್ಷೆ

ಕಾಗದದ ಮೇಲೆ ತಟ್ಟೆ ಬೋರಲು ಹಾಕಿ ಸುತ್ತ ಗೆರೆ ಎಳೆಯಿರಿ. ಬುಡವನ್ನು ನಟ್ಟನಡುವೆ ಇಡಬೇಡಿ, ಎಡಕ್ಕೆ ಕೆಳಗೆ ಒಂದೂವರೆ ಇಂಚು ಸರಿಸಿ. ಅಲ್ಲಿಂದ ಒಂದು ದೊಡ್ಡ ಸಿ ಮೇಲೆ ಹೋಗಿ ಬಲಕ್ಕೆ ಬಾಗಲಿ. ವೃತ್ತದ ಮೂರರಲ್ಲಿ ಎರಡು ಭಾಗ ಅದೇ ಆಳಬೇಕು. ಎರಡನೆಯದು ಎಸ್, ಅದು ಬುಡದಿಂದ ಬಲಕ್ಕೆ ಕೆಳಗೆ ಹೊರಟು ಅಂಚಿನ ಹತ್ತಿರ ಮೇಲಕ್ಕೆ ತಿರುಗಲಿ. ಮೂರನೆಯದು ಸಣ್ಣ ಸಿ, ಎಡಕ್ಕೆ. ಮೂರೂ ಬೇರೆ ಬೇರೆ ಗಾತ್ರದಲ್ಲಿರಲಿ.

ಬುಡದ ಮೇಲೆ ಒಂದು ದೊಡ್ಡ ಹೂವು, ದೊಡ್ಡ ಸಿಯ ಹೊಟ್ಟೆಯೊಳಗೆ ಇನ್ನೊಂದು ಚಿಕ್ಕದು. ಖಾಲಿ ಜಾಗದ ಕಡೆಗೂ ಗಮನ ಇರಲಿ. ಎಲ್ಲಾ ಕಡೆ ಒಂದೇ ಅಳತೆಯ ಖಾಲಿ ಉಳಿದಿದ್ದರೆ ಚಿತ್ರ ವಾಲ್‌ಪೇಪರ್ ಆಗುತ್ತದೆ. ಒಂದು ಕಡೆ ದಟ್ಟ, ಇನ್ನೊಂದು ಕಡೆ ಉಸಿರಾಡುವಷ್ಟು ಜಾಗ, ಹೀಗಿರಬೇಕು.

ನಕ್ಷೆ ಒಪ್ಪಿಗೆಯಾದ ಮೇಲೆ ಅದನ್ನು ನೋಡಿಕೊಂಡು ಸೀಮೆಸುಣ್ಣದಿಂದ ತಟ್ಟೆಯ ಮೇಲೆ ಬರೆಯಿರಿ. ಟ್ರೇಸ್ ಮಾಡುವುದು ಸುಲಭ, ಒಪ್ಪುತ್ತೇನೆ. ಆದರೆ ಟ್ರೇಸ್ ಮಾಡಿದ ಗೆರೆಯನ್ನು ಕುಂಚ ಹೆದರಿ ಹೆದರಿ ಹಿಂಬಾಲಿಸುತ್ತದೆ. ಸೀಮೆಸುಣ್ಣ ತಪ್ಪಿದರೆ ಒದ್ದೆ ಬಟ್ಟೆ ಇದೆ, ಒರೆಸಿ ಮತ್ತೆ ಬರೆಯಿರಿ.

ಹಂತ 4: ಚಪ್ಪಟೆ ಕುಂಚದಲ್ಲಿ ಸುರುಳಿ

ಒಂದು ಭಾಗ ಲಿನ್‌ಸೀಡ್ ಎಣ್ಣೆಗೆ ಒಂದು ಭಾಗ ಟರ್ಪಂಟೈನ್ ಬೆರೆಸಿ ಸಣ್ಣ ಬಾಟಲಿಯಲ್ಲಿಡಿ. ಬಣ್ಣಕ್ಕೆ ಇದನ್ನು ಹನಿ ಹನಿಯಾಗಿ ಸೇರಿಸಿ ಕಡೆದ ಮೊಸರಿನ ಹದಕ್ಕೆ ತನ್ನಿ. ಇನ್ನೂ ತೆಳುವಾದರೆ ಹರಿದು ಹೋಗುತ್ತದೆ, ಗಟ್ಟಿಯಾದರೆ ಎಳೆಯುವಾಗ ತಡೆಯುತ್ತದೆ.

ದೊಡ್ಡ ಸುರುಳಿಗೆ ಮೂರು ಬಣ್ಣ ಕಲಸಿಟ್ಟುಕೊಳ್ಳಿ: ಓಕರ್, ಓಕರಿಗೆ ಸಿಯೆನ್ನಾ ಬೆರೆಸಿದ ಕಡು ಬಣ್ಣ, ಓಕರಿಗೆ ಬಿಳಿ ಬೆರೆಸಿದ ತಿಳಿ ಬಣ್ಣ. ಕುಂಚದ ಒಂದು ಮೂಲೆಯನ್ನು ಕಡು ಬಣ್ಣಕ್ಕೆ, ಇನ್ನೊಂದು ಮೂಲೆಯನ್ನು ತಿಳಿ ಬಣ್ಣಕ್ಕೆ ಅದ್ದಿ. ಪ್ಯಾಲೆಟ್ ಮೇಲೆ ಒಂದೇ ಜಾಗದಲ್ಲಿ ನಾಲ್ಕೈದು ಸಲ ಹಿಂದೆ ಮುಂದೆ ಎಳೆಯಿರಿ. ನಡುವೆ ಎರಡೂ ಬೆರೆತು ಮೆಲ್ಲಗೆ ಕಡುವಿನಿಂದ ತಿಳಿಗೆ ಹೋಗಬೇಕು. ಈ ಕೆಲಸಕ್ಕೆ ಅವಸರ ಮಾಡಿದರೆ ತಟ್ಟೆಯ ಮೇಲೆ ಎರಡು ಪಟ್ಟಿ ಬರುತ್ತದೆ.

ಈಗ ಸುರುಳಿ. ಕಡು ಬಣ್ಣ ಒಳ ಅಂಚಿಗೆ, ತಿಳಿ ಬಣ್ಣ ಹೊರ ಅಂಚಿಗೆ. ತಲೆಯ ಹತ್ತಿರ ಕುಂಚವನ್ನು ಅದರ ತೆಳು ಅಂಚಿನ ಮೇಲೆ ನಿಲ್ಲಿಸಿ. ಜಾರಿಸುತ್ತಾ ನಿಧಾನ ಒತ್ತಿ, ಕೂದಲು ಹರಡಿ ಗೆರೆ ಅಗಲವಾಗುತ್ತದೆ. ಬಾಗು ದಾಟಿದ ಮೇಲೆ ಒತ್ತಡ ಬಿಡುತ್ತಾ ಬನ್ನಿ. ಬಾಲದಲ್ಲಿ ಕುಂಚ ಮತ್ತೆ ತೆಳು ಅಂಚಿನ ಮೇಲೆ ನಿಂತಿರಬೇಕು. ನಿಲ್ಲಿಸು, ಒತ್ತು, ಬಿಡು: ಇಷ್ಟೇ. ಒಂದು ಕೈ ಕುಂಚ ಎಳೆಯುವಾಗ ಇನ್ನೊಂದು ಕೈ ತಟ್ಟೆ ತಿರುಗಿಸುತ್ತಿರಲಿ. ಮೈ ತಿರುಚಿಕೊಂಡು ಬರೆಯುವ ಅಗತ್ಯ ಇಲ್ಲ.

ಒಂದೇ ಸಲಕ್ಕೆ ಬರಲಿಲ್ಲವೇ? ಹಿನ್ನೆಲೆ ಚೆನ್ನಾಗಿ ಒಣಗಿದ್ದರೆ ಟರ್ಪಂಟೈನ್ ಸ್ವಲ್ಪವೇ ತಾಗಿಸಿದ ಬಟ್ಟೆಯಿಂದ ಹಗುರವಾಗಿ ಒರೆಸಿ ಮತ್ತೆ ಎಳೆಯಬಹುದು. ಆಯಿಲ್ ಬಣ್ಣದ ದೊಡ್ಡ ಅನುಕೂಲ ಇದು. ಆದರೆ ಹಾಕಿದ ಗೆರೆಯನ್ನು ಅಲ್ಲಿಷ್ಟು ಇಲ್ಲಿಷ್ಟು ತಿದ್ದುತ್ತಾ ಕೂರಬೇಡಿ. ತಿದ್ದಿದಷ್ಟೂ ಅದು ಮಣ್ಣಾಗುತ್ತದೆ.

ಎಸ್-ಸುರುಳಿಗೆ ಕೆಂಪು ಬಳಸಿ: ಇಂಡಿಯನ್ ರೆಡ್‌ಗೆ ಚೂರು ಅಂಬರ್. ತಿಳಿ ಅಂಚಿಗೆ ಓಕರ್ ಮತ್ತು ಬಿಳಿ. ಬಣ್ಣದ ಪದರ ತೆಳುವಾಗಿರಲಿ, ಹಿನ್ನೆಲೆಯ ಹಸಿರು ಸುರುಳಿಯೊಳಗಿಂದ ಮಸುಕಾಗಿ ಕಾಣಲಿ. ಮುಗಿದ ಮೇಲೆ ಮೂರ್ನಾಲ್ಕು ದಿನ ಮುಟ್ಟಬೇಡಿ. ಬಿಳಿ ಜಾಸ್ತಿ ಇರುವ ಕಡೆ ನಿಧಾನ ಒಣಗುತ್ತದೆ, ಅಂಬರ್ ಮತ್ತು ಪ್ರಷ್ಯನ್ ಬ್ಲೂ ಬೇಗ.

ಹಂತ 5: ಹೂವು ಮತ್ತು ಹನಿ

ಹೂವಿಗೆ ನೀಲಿ-ಬೂದು ಬಣ್ಣ: ಬಿಳಿಗೆ ಕಡಲೆ ಕಾಳಿನಷ್ಟೂ ಅಲ್ಲ, ಅದಕ್ಕಿಂತ ಕಡಿಮೆ ಪ್ರಷ್ಯನ್ ಬ್ಲೂ, ಒಂದು ಚುಕ್ಕೆ ಅಂಬರ್. ಪ್ರಷ್ಯನ್ ಬ್ಲೂ ಬಹಳ ಜೋರು, ಜಾಸ್ತಿ ಬಿದ್ದರೆ ಇಡೀ ಪ್ಯಾಲೆಟ್ ನೀಲಿ. ಐದಾರು ಎಸಳಿನ ಸರಳ ಹೂವು ಸಾಕು. ಯಾವ ಹೂವು ಅಂತ ಕೇಳಬೇಡಿ. ಟೆಲೆಮಾರ್ಕ್ ಹೂವು ಯಾವ ಗಿಡದಲ್ಲೂ ಬಿಡುವುದಿಲ್ಲ.

ದುಂಡು ಕುಂಚದ ಹನಿ ಗೆರೆಯನ್ನು ಮಾತ್ರ ಚೆನ್ನಾಗಿ ಅಭ್ಯಾಸ ಮಾಡಿ. ಕುಂಚಕ್ಕೆ ಬಣ್ಣ ತುಂಬಿ, ತುದಿ ಇಟ್ಟು ಒತ್ತಿ, ಕೂದಲು ಹರಡುವವರೆಗೆ ಒಂದು ಕ್ಷಣ ನಿಲ್ಲಿ. ಆಮೇಲೆ ನಿಮ್ಮ ಕಡೆಗೆ ಎಳೆಯುತ್ತಾ ಎತ್ತಿ. ತಲೆ ದುಂಡಗೆ, ಬಾಲ ಚೂಪಾಗಿ ಬರಬೇಕು. ಬಾಲ ಮೋಟಾಗಿ ಬಂದರೆ ನೀವು ಬೇಗ ಎತ್ತಿದ್ದೀರಿ. ಇಂಥ ಮೂರು ಮೂರು ಹನಿಗಳನ್ನು ಸುರುಳಿಯ ಹೊರಬಾಗಿನ ಮೇಲೆ ತಿಳಿ ಬಣ್ಣದಲ್ಲಿ ಇಡಿ. ಸುರುಳಿ ಹೋಗುವ ದಿಕ್ಕಿಗೇ ಹನಿಯ ಬಾಲವೂ ಹೋಗಬೇಕು.

ಹಂತ 6: ತೆಳು ಗೆರೆ

ಸ್ಟೋಟನ್ ಕಾರ್ಖಾನೆಯಲ್ಲಿ ಲೀಸ್ನೆ ದಿನವಿಡೀ ಮಾಡುತ್ತಿದ್ದ ಕೆಲಸ ಇದೇ. ಚಿತ್ರಕ್ಕೆ ಕಳೆ ಬರುವುದು ಇಲ್ಲಿ, ಹಾಳಾಗುವುದೂ ಇಲ್ಲೇ.

ಬಣ್ಣವನ್ನು ಪೆನ್ನಿನ ಇಂಕಿನಷ್ಟು ತೆಳು ಮಾಡಿ. ಲೈನರನ್ನು ಬುಡದವರೆಗೂ ಅದರಲ್ಲಿ ತುಂಬಿಸಿ, ಎತ್ತುವಾಗ ಬೆರಳಲ್ಲಿ ಉರುಳಿಸಿ ಚೂಪು ಮಾಡಿ. ಕುಂಚ ನೆಟ್ಟಗೆ ನಿಂತಿರಲಿ, ತುದಿ ಮಾತ್ರ ತಟ್ಟೆಗೆ ತಾಗಲಿ. ಕಣ್ಣನ್ನು ಕುಂಚದ ಮೇಲೆ ಇಡಬೇಡಿ, ಗೆರೆ ಎಲ್ಲಿಗೆ ಹೋಗಬೇಕೋ ಅಲ್ಲಿಡಿ. ನಡುಗುವ ಕೈಗೆ ಮದ್ದು ನಿಧಾನ ಅಲ್ಲ, ವೇಗ. ನಿಧಾನವಾದಷ್ಟೂ ಗೆರೆ ನಡುಗುತ್ತದೆ.

ಸುರುಳಿಯ ಒಳ ಅಂಚಿಗೆ ಅಂಬರ್ ಮತ್ತು ಪ್ರಷ್ಯನ್ ಬ್ಲೂ ಬೆರೆಸಿದ ಕಡು ಗೆರೆ. ಹೊರ ಅಂಚಿಗೆ ಕೆನೆ ಬಿಳಿ, ಅದೂ ಪೂರ್ತಿ ಬೇಡ. ಗೆರೆ ಅಂಚಿಗೆ ಅಂಟಿಕೊಂಡೇ ಇರಬೇಕಾಗಿಲ್ಲ, ಅಲ್ಲಲ್ಲಿ ಸ್ವಲ್ಪ ಬಿಟ್ಟು ಹೋದರೆ ಚಿತ್ರ ಹಗುರವಾಗುತ್ತದೆ. ಆಮೇಲೆ ಬುಡದಿಂದ ನಾಲ್ಕೈದು ಎಳೆ ಕುಡಿಗಳು, ಸುರುಳಿಗಳನ್ನು ಅಡ್ಡ ದಾಟಿ ಖಾಲಿ ಜಾಗಕ್ಕೆ ಚಾಚಲಿ. ಹೂವಿನ ನಡುವೆ ಜಾಲರಿ ಗೆರೆ, ಕೆಲವು ಚುಕ್ಕೆ.

ಇಲ್ಲಿ ಕೈ ನಿಲ್ಲಿಸುವುದು ಕಷ್ಟ. ಇನ್ನೊಂದು ಚುಕ್ಕೆ, ಇನ್ನೊಂದು ಕುಡಿ ಅನ್ನಿಸುತ್ತಲೇ ಇರುತ್ತದೆ. ತಟ್ಟೆಯನ್ನು ಗೋಡೆಗೆ ಒರಗಿಸಿ ಹತ್ತು ಅಡಿ ಹಿಂದೆ ಹೋಗಿ ನೋಡಿ. ದೊಡ್ಡ ಸಿ ಮೊದಲು ಕಂಡರೆ ಕೆಲಸ ಮುಗಿಯಿತು. ಚುಕ್ಕೆಗಳೇ ಮೊದಲು ಕಂಡರೆ ಅರ್ಧ ಚುಕ್ಕೆ ಒರೆಸಿ.

ಹಂತ 7: ಅಂಚು, ಹೆಸರು, ವಾರ್ನಿಶ್

ಅಂಚಿಗೆ ಕೆಂಪು ಪಟ್ಟಿ, ಅದರ ಮೇಲೆ ಹನಿಗಳ ಸಾಲು ಸಾಕು. ಲೀಸ್ನೆ ಮಾಡಿದ ಹಾಗೆ ಸುತ್ತ ಒಂದು ಸಾಲು ಬರೆಯುವ ಆಸೆ ಇದ್ದರೆ ಕನ್ನಡದಲ್ಲೇ ಬರೆಯಿರಿ. ನಮ್ಮ ಅಕ್ಷರ ದುಂಡಗಿದೆ, ದುಂಡು ಕುಂಚಕ್ಕೆ ಚೆನ್ನಾಗಿ ಒಗ್ಗುತ್ತದೆ. ಒತ್ತಕ್ಷರಗಳಿಗೆ ಕೆಳಗೆ ಜಾಗ ಬಿಟ್ಟುಕೊಳ್ಳುವುದು ಮರೆಯಬೇಡಿ. ಹಿಂಭಾಗದಲ್ಲಿ ಹೆಸರು, ಇಸವಿ.

ಕನಿಷ್ಠ ಒಂದು ತಿಂಗಳು ಧೂಳಿಲ್ಲದ ಕಡೆ ಒಣಗಲು ಬಿಡಿ, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಒಣಗುವ ಮೊದಲೇ ವಾರ್ನಿಶ್ ಹಚ್ಚಿದರೆ ತೆಳು ಗೆರೆಗಳೆಲ್ಲಾ ಕರಗಿ ಕುಂಚಕ್ಕೆ ಬರುತ್ತವೆ. ಮ್ಯಾಟ್ ಅಥವಾ ಸ್ಯಾಟಿನ್ ವಾರ್ನಿಶ್ ಎರಡು ತೆಳು ಕೋಟ್. ಈ ತಟ್ಟೆಯಲ್ಲಿ ಊಟ ಬಡಿಸಬೇಡಿ, ಗೋಡೆಗೆ ತೂಗುಹಾಕಿ.

ಆಗಾಗ ಬರುವ ತೊಂದರೆಗಳು

ಬಣ್ಣ ಹನಿಹನಿಯಾಗಿ ಸರಿದು ಹೋಗುತ್ತಿದ್ದರೆ ಹಿನ್ನೆಲೆ ಜಾಸ್ತಿ ನುಣುಪಾಗಿದೆ, 400 ಪೇಪರ್‌ನಲ್ಲಿ ಹಗುರವಾಗಿ ಉಜ್ಜಿ. ಚಪ್ಪಟೆ ಕುಂಚದ ಗೆರೆ ಸೀಳಾಗಿ ಬಂದರೆ ಬಣ್ಣ ಕಡಿಮೆಯಾಗಿದೆ ಅಥವಾ ಗಟ್ಟಿಯಾಗಿದೆ. ಚಿತ್ರ ಗಟ್ಟಿಯಾಗಿ, ಅಲುಗಾಡದೆ ಕೂತ ಹಾಗೆ ಅನ್ನಿಸಿದರೆ ಕುಂಚದ ತಪ್ಪಲ್ಲ, ನಕ್ಷೆಯದ್ದು. ಬಹುಶಃ ಬುಡ ನಡುವಿಗೆ ಬಂದಿದೆ, ಇಲ್ಲವೇ ಎರಡು ಸುರುಳಿ ಒಂದೇ ಗಾತ್ರ ಆಗಿವೆ.

ಕಣ್ಣಾರೆ ನೋಡಲು

ಫೋಟೋದಲ್ಲಿ ಕುಂಚದ ಒತ್ತಡ ಗೊತ್ತಾಗುವುದಿಲ್ಲ. ಅಮೆರಿಕದ ನಡುನಾಡಿನಲ್ಲಿರುವ ಕನ್ನಡಿಗರಿಗೆ ಈ ವಿಷಯದಲ್ಲಿ ಅದೃಷ್ಟ ಇದೆ. ಐಯೋವಾದ ಡೆಕೋರಾ ಊರಿನಲ್ಲಿ ವೆಸ್ಟರ್‌ಹೈಮ್ ಎಂಬ ನಾರ್ವೇಜಿಯನ್-ಅಮೆರಿಕನ್ ಮ್ಯೂಸಿಯಂ ಇದೆ. ಮಿನಿಯಾಪೊಲಿಸ್‌ನಿಂದ ಕಾರಿನಲ್ಲಿ ಮೂರು ಗಂಟೆಯೊಳಗೆ ತಲುಪಬಹುದು. ವಲಸಿಗರು ತಂದ ಪೆಟ್ಟಿಗೆಗಳು, ಬೋಗುಣಿಗಳು ಅಲ್ಲಿವೆ. 1967ರಲ್ಲಿ ಈ ಮ್ಯೂಸಿಯಂ ನಾರ್ವೆಯಿಂದ ಸಿಗ್ಮಂಡ್ ಓರ್ಸೆತ್ ಅವರನ್ನು ಕರೆಸಿ ರೋಸ್‌ಮಾಲಿಂಗ್ ತರಗತಿ ಶುರು ಮಾಡಿತು. ಅದೇ ವರ್ಷ ರಾಷ್ಟ್ರೀಯ ಪ್ರದರ್ಶನವೂ ಶುರುವಾಯಿತು. ಜುಲೈ ಕೊನೆಯಲ್ಲಿ ಊರಿನ ನಾರ್ಡಿಕ್ ಫೆಸ್ಟ್ ನಡೆಯುತ್ತದೆ. ಸ್ಟೋಟನ್‌ನಲ್ಲಿ ಮೇ 17ರ ನಾರ್ವೆಯ ಸಂವಿಧಾನ ದಿನದ ಆಸುಪಾಸಿನ ವಾರಾಂತ್ಯಕ್ಕೆ ದೊಡ್ಡ ಹಬ್ಬ.

ಹೋದಾಗ ಪೆಟ್ಟಿಗೆಯ ಎದುರು ನಿಂತು ಮೊದಲು ಬುಡ ಎಲ್ಲಿದೆ ಅಂತ ಹುಡುಕಿ. ಆಮೇಲೆ ಒಂದೊಂದೇ ಸುರುಳಿ ಹಿಡಿದು ತಲೆಯವರೆಗೆ ಹೋಗಿ. ಕುಂಚ ಎಲ್ಲಿ ಒತ್ತಿದೆ, ಎಲ್ಲಿ ಬಿಟ್ಟಿದೆ ಅನ್ನುವುದು ಹತ್ತಿರದಿಂದ ಕಾಣುತ್ತದೆ. ಜೇಬಲ್ಲೊಂದು ಪೆನ್ಸಿಲ್, ಸಣ್ಣ ಪುಸ್ತಕ ಇರಲಿ.